ಹತ್ತೊಂಬತ್ತನೆಯ ಕಂಬದ ನಡುಕ

ಕೊಯಮತ್ತೂರು
12-5-1957, ಭಾನುವಾರ

ಚಿರಂಜೀವಿ ಸೌಭಾಗ್ಯವತಿ ಪದ್ಮಾಕ್ಷಿಗೆ,

ನಿನ್ನ ಅಕ್ಕ ಕಮಲಾಕ್ಷಿ ಮನಸಾರೆ ಮಾಡುವ ಆಶೀರ್ವಾದಗಳು. ನಾನು ಗಟ್ಟಿಯಾಗಿದ್ದೇನೆ. ನೀನೂ ಮಕ್ಕಳೂ ಮದ್ರಾಸಿನ ಸೆಕೆಯಲ್ಲಿ ಬೇಯುತ್ತಿದ್ದೀರೆಂದು ನಿನ್ನ ಯಜಮಾನರು ಹೇಳಿದರು. ನಿನ್ನ ಮೂರು ಕಾಗದಗಳಿಗೆ ಉತ್ತರ ಬರೆಯದೆ ಕುಳಿತದ್ದಕ್ಕೆ ಬೈದುಕೋ, ಆ ಹಕ್ಕು ನಿನಗಿದೆ. ಸ್ಕೂಲಿನ ಪರೀಕ್ಷೆ, ನಲವತ್ತೆಂಟು ಹುಡುಗಿಯರ ಲೆಕ್ಕದ ಪೇಪರು ಎಂದೆಲ್ಲ ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ಫೆಬ್ರವರಿಯಿಂದ ನನ್ನ ತಲೆಯಲ್ಲಿ ಒಂದೇ ಒಂದು ಕೆಲಸ ಕುಳಿತಿತ್ತು. ಅದು ಮುಗಿಯುವ ಮೊದಲು ನಿನಗೆ ಬರೆದರೆ ಎಲ್ಲಿ ಬಾಯಿಬಿಟ್ಟೇನೋ ಎಂಬ ಭಯ. ಮೊನ್ನೆ ಗುರುವಾರ ಮುಗಿಯಿತು. ಈಗ ಸಾವಧಾನವಾಗಿ ಬರೆಯುತ್ತೇನೆ, ನೀನೂ ಸಾವಧಾನವಾಗಿ ಓದು. ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿ ಬಾ.

ನೀನು ಕೊಟ್ಟು ಕಳಿಸಿದ ಕೋಡುಬಳೆ ಡಬ್ಬ ಮುಟ್ಟಿತು. ಖಾರ ಸ್ವಲ್ಪ ಮುಂದು, ಆದರೆ ಒಂದೂ ಮುರಿದಿರಲಿಲ್ಲ. ಡಬ್ಬದ ತಳಕ್ಕೆ ಹಾಸಿದ್ದ ಕನ್ನಡ ಮಾಸಪತ್ರಿಕೆಯ ಹಾಳೆಯನ್ನೂ ಎಣ್ಣೆ ಒರೆಸಿ ಓದಿದೆ. ಅದರ ಮೂಲೆ ಮಡಿಸಿತ್ತು. ಈ ವಯಸ್ಸಿನಲ್ಲೂ ಪುಸ್ತಕದ ಕಿವಿ ಹಿಂಡುವ ಚಾಳಿ ಬಿಟ್ಟಿಲ್ಲವಲ್ಲೇ! ಓದುತ್ತಿದ್ದಾಗ ಅಮ್ಮ ಕೂಗಿದರೆ, ಆಮೇಲೆ ಬಂದು ಓದುತ್ತೇನೆಂದು ಮೂಲೆಯನ್ನು ಒಂದು ಸಲ ಮಡಿಸಿ, ಅದರ ಮೇಲೆ ಇನ್ನೊಂದು ಸಲ ಮಡಿಸಿ, ಉಗುರಿನಿಂದ ಗೀರಿ ಇಡುತ್ತಿದ್ದೆ. "ಯಾಕೇ ಅದರ ಕಿವಿ ಹಿಂಡ್ತೀ, ಮಗ್ಗಿ ತಪ್ಪು ಹೇಳಿತಾ?" ಎಂದು ಅಜ್ಜ ಗದರುತ್ತಿದ್ದರು. ನಮ್ಮ ಬಳಗದಲ್ಲಿ ಮನೆಯೊಳಗೆ ಎಲ್ಲರದೂ ಕನ್ನಡವೇ, ಆದರೆ ಅಕ್ಷರ ಬಂದದ್ದು ಅಜ್ಜನ ಮುಂದೆ ಮರಳಿನಲ್ಲಿ ತಿದ್ದಿದ ನಮ್ಮಿಬ್ಬರಿಗೆ ಮಾತ್ರ. ಮಿಕ್ಕವರಿಗೆ ತಮಿಳು, ಇಂಗ್ಲಿಷು. ನಮ್ಮವರಿಗೂ ಮದುವೆಯಾದ ಮೇಲೆ ನಾನೇ ಸ್ಲೇಟು ಹಿಡಿಸಿ ಕಲಿಸಿದ್ದು. ಅವರ ಅಕ್ಷರ ಕೊನೆಯವರೆಗೂ ಒಂದನೇ ಕ್ಲಾಸಿನ ಮಗುವಿನದರಂತೆ ದುಂಡಗೆ, ದೊಡ್ಡದಾಗಿ ಇತ್ತು. ನಿನ್ನ ಯಜಮಾನರನ್ನು ಕಲಿಯಿರಿ ಎಂದರೆ, "ಪದ್ಮಾ ಓದಿ ಹೇಳ್ತಾಳೆ, ನನಗ್ಯಾಕೆ?" ಎಂದು ನಗುತ್ತಿದ್ದರು.

ಇನ್ನು ವಿಷಯಕ್ಕೆ ಬರುತ್ತೇನೆ. ನಿನಗೆ ಗೊತ್ತಿರುವ ಕಥೆಯನ್ನೇ ಮೊದಲಿನಿಂದ ಬರೆದರೆ ಬೇಜಾರು ಮಾಡಿಕೊಳ್ಳಬೇಡ. ನಾಲ್ಕು ವರ್ಷದಿಂದ ನಾವಿಬ್ಬರೂ ಇದನ್ನು ಸುತ್ತಿ ಬಳಸಿಯೇ ಮಾತಾಡಿದ್ದೇವೆ. ಒಂದು ಸಲವಾದರೂ ಪೂರ್ತಿಯಾಗಿ ಕಾಗದದ ಮೇಲೆ ಬರಲಿ.

ಮೆಟ್ಟುಪಾಳ್ಯದಾಚೆ ಬೆಟ್ಟದಿಂದ ಪವರ್‌ಹೌಸಿಗೆ ನೀರಿಳಿಸುವ ಆ ಜೋಡಿ ಪೈಪುಗಳನ್ನು ಇಲ್ಲಿದ್ದಾಗ ನಿಮ್ಮ ಕ್ವಾರ್ಟರ್ಸಿನ ಕಿಟಕಿಯಿಂದಲೇ ನೋಡಿದ್ದೀ. ಒಂದೊಂದೂ ಆಳು ಬಗ್ಗಿ ಕೂರುವಷ್ಟು ಅಗಲ. ಎರಡೂ ಒಂದೇ ಸಾಲು ಕಲ್ಲುಕಂಬಗಳ ಮೇಲೆ ಅಕ್ಕಪಕ್ಕ ಮಲಗಿವೆ, ಕಂಬಕ್ಕೊಂದು ನಂಬರು. ಬೇಸಿಗೆಯಲ್ಲಿ ಒಂದನ್ನು ಖಾಲಿ ಮಾಡಿ, ನಮ್ಮವರು ನಾಲ್ಕು ಚಕ್ರದ ಹಲಗೆಯ ಮೇಲೆ ಅಂಗಾತ ಮಲಗಿ ಒಳಗೆ ಹೋಗುತ್ತಿದ್ದರು. ಹಲಗೆಗೆ ಮುಂದೊಂದು ಹಗ್ಗ, ಹಿಂದೊಂದು ಹಗ್ಗ. ಕೈಯಲ್ಲಿ ಸಣ್ಣ ಸುತ್ತಿಗೆ, ಬ್ಯಾಟರಿ, ಸೀಮೆಸುಣ್ಣ. ನಾವು ಸಂತೆಯಲ್ಲಿ ಮಡಕೆ ತಟ್ಟಿ ಕೊಳ್ಳುವ ಹಾಗೆ ತಗಡನ್ನು ತಟ್ಟಿ, ದನಿ ಮಂಕಾದ ಕಡೆ ಗುರುತು ಹಾಕುವುದು ಅವರ ಕೆಲಸ.

ಬೆಳಿಗ್ಗೆ ಪೈಪು ಸುಳ್ಳು ಹೇಳುತ್ತದೆ ಎನ್ನುತ್ತಿದ್ದರು ಅವರು. ತಂಪಿನಲ್ಲಿ ಕಬ್ಬಿಣ ಸಡಿಲವಾಗಿರುತ್ತದೆ, ಎಲ್ಲಿ ತಟ್ಟಿದರೂ ಚೆನ್ನಾಗಿದ್ದೇನೆ ಅನ್ನುತ್ತದೆ. ಮಧ್ಯಾಹ್ನದ ಬಿಸಿಲಿಗೆ ಹಿಗ್ಗಬೇಕು, ಪಕ್ಕದ ಪೈಪಿನಲ್ಲಿ ನೀರು ತುಂಬಿ ಓಡುತ್ತಿರಬೇಕು. ಆಗ ಖಾಲಿ ಪೈಪಿನೊಳಗೆ ಮಲಗಿ ಅಂಗೈ ಒತ್ತಿ ಹಿಡಿದರೆ, ಎಲ್ಲಿ ಬಿಗಿತವಿದೆಯೋ ಅಲ್ಲಿ ತಗಡು ನಡುಗುತ್ತದೆ. ಆಫೀಸಿನವರಿಗೆ ಇಷ್ಟು ಸಹನೆ ಎಲ್ಲಿ? ಬಿಸಿಲು ಏರುವುದರೊಳಗೆ ಇಂಗ್ಲಿಷ್ ಫಾರಂ ತುಂಬಿ ಇವರ ಸಹಿ ಹಾಕಿಸಿಕೊಳ್ಳುತ್ತಿದ್ದರು. ಇವರು ಸಹಿ ಹಾಕಿ, ಬುತ್ತಿ ತಿಂದು, ಮಧ್ಯಾಹ್ನ ತಮ್ಮ ಪಾಡಿಗೆ ಮತ್ತೆ ಒಳಗೆ ಹೋಗುತ್ತಿದ್ದರು.

ಐವತ್ತಮೂರನೇ ಇಸವಿ ಮೇ ತಿಂಗಳಲ್ಲಿ ಹಾಗೆ ಹೋದಾಗಲೇ ಹತ್ತೊಂಬತ್ತನೆಯ ಕಂಬದ ಬಳಿ ಅವರ ಅಂಗೈಗೆ ನಡುಕ ಸಿಕ್ಕಿದ್ದು. ಪೈಪು ಹಿಗ್ಗಿದಾಗ ಜಾರಲೆಂದು ಅಲ್ಲೊಂದು ಜಾಯಿಂಟು ಇದೆ. ಕಂಟ್ರಾಕ್ಟರ ಕಡೆಯವರು ಅದರ ಮೇಲೆಯೇ ಬಣ್ಣ ಬಳಿದು, ತುಕ್ಕೂ ಸೇರಿ, ಅದು ಜಾರುವುದನ್ನೇ ಮರೆತಿತ್ತು. ಮರುದಿನ ಮದ್ರಾಸಿನಿಂದ ದೊಡ್ಡವರು ಬಂದು ನೀರು ಬಿಡಿಸುವವರಿದ್ದರು. ಆಗ ಅಲ್ಲಿ ಇಂಜಿನಿಯರಾಗಿದ್ದವರು ನಿನ್ನ ಯಜಮಾನರು, ಅವರ ಬಡ್ತಿಯೂ ಆ ದೊಡ್ಡವರ ಕೈಯಲ್ಲೇ ಇತ್ತು. ಅಂದು ಸಂಜೆ ಅವರು ಬೆಟ್ಟದ ಮೇಲೆ ಅಣೆಕಟ್ಟಿನ ಹತ್ತಿರ ಇದ್ದರು. ಇಂಗ್ಲಿಷಿನಲ್ಲಿ ಬರೆದು ಆಫೀಸಿಗೆ ಕೊಟ್ಟರೆ ಗುಮಾಸ್ತರು ಊರಿಗೆಲ್ಲ ಡಂಗುರ ಹೊಡೆದಾರು, ಷಡ್ಡಕ ರಂಗನಾಥನ ಮರ್ಯಾದೆ ಹೋದೀತು ಎಂದು ನಮ್ಮವರು ತಮ್ಮ ಜೇಬಿನ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದು, ಹಲಗೆಯ ಹಗ್ಗ ಎಳೆಯುವ ಕೂಲಿ ಅಯ್ಯಾಸಾಮಿಯ ಕೈಲಿ ನಿಮ್ಮ ಮನೆಗೆ ಕಳಿಸಿದರು. ಇಂಥ ಜಾಣತನ ನಮ್ಮ ಜನ ಬಿಟ್ಟು ಇನ್ಯಾರು ಮಾಡುತ್ತಾರೆ? ಜೀವ ಉಳಿಸುವ ಮಾತನ್ನು ಇಬ್ಬರೇ ಇಬ್ಬರು ಓದಬಲ್ಲ ಲಿಪಿಯಲ್ಲಿ ಬರೆಯುವುದು! ಅದನ್ನು ಕಲಿಸಿದವಳು ನಾನೇ, ಆ ಪಾಪವೂ ನನ್ನ ತಲೆಯ ಮೇಲಿದೆ.

ಮರುದಿನ ಏನೂ ನಿಲ್ಲಲಿಲ್ಲ. ರಂಗನಾಥ ಓದಿಸಿಕೊಂಡಿರುತ್ತಾನೆ, ಬೆಳಗಾಗುವುದರೊಳಗೆ ಜಾಯಿಂಟು ಬಿಡಿಸಿರುತ್ತಾನೆ ಎಂಬ ನಂಬಿಕೆಯಿಂದ ನಮ್ಮವರು ಹತ್ತೊಂಬತ್ತನೆಯ ಕಂಬಕ್ಕೆ ನೋಡಲು ಹೋದರು. ಮೇಲೆ ದೊಡ್ಡವರು ನೀರು ಬಿಡುವ ಚಕ್ರ ತಿರುಗಿಸಿದರು. ತಗಡು ಹರಿಯಿತು. ನೀರು ಅವರನ್ನು ಎತ್ತಿ ಬಂಡೆಗೆ ಬಡಿಯಿತು. ಮಿಕ್ಕದ್ದು ಬೇಡ.

ವಿಚಾರಣೆ ನಡೆಯಿತು. ನೋಟ್‌ಬುಕ್ಕನ್ನು ಹಿತ್ತಲ ಬಾಗಿಲಲ್ಲಿ ನಿಮ್ಮ ಕೆಲಸದ ಕನ್ನಿಯಮ್ಮಾಳ್ ಕೈಗೆ ಕೊಟ್ಟೆ ಎಂದು ಅಯ್ಯಾಸಾಮಿ ಹೇಳಿದ. ನನ್ನ ಕೈಗೆ ಯಾವ ಪುಸ್ತಕವೂ ಬರಲಿಲ್ಲ ಎಂದು ನಿನ್ನ ಯಜಮಾನರು ಹೇಳಿದರು. ಕೂಲಿಯ ಮಾತು ಒಂದು ಕಡೆ, ಇಂಜಿನಿಯರ ಮಾತು ಒಂದು ಕಡೆ. ಕನ್ನಿಯಮ್ಮಾಳನ್ನು ಯಾರೂ ಕರೆದು ಕೇಳಲೇ ಇಲ್ಲ. ಬೆಳಗಿನ ಫಾರಂನಲ್ಲಿ ಪೈಪು ಸರಿಯಿದೆ ಎಂದು ಇವರ ಸಹಿ ಇತ್ತಲ್ಲ, ಅದನ್ನೇ ಹಿಡಿದು, ವ್ಯಾಸರಾಯನ ಅಜಾಗರೂಕತೆಯಿಂದ ಅಪಘಾತವಾಯಿತು ಎಂದು ಬರೆದು ಮುಗಿಸಿದರು. ಹತ್ತನೆಯ ದಿನ ನೀನು ಬಂದಿದ್ದೆ. ನನ್ನ ಎರಡೂ ಕೈ ಹಿಡಿದು, "ಮಗೂಗೆ ಜ್ವರ ಇತ್ತು ಅಕ್ಕಾ, ಆ ಪುಸ್ತಕ ನಾನು ಕಣ್ಣಾರೆ ನೋಡಲೇ ಇಲ್ಲ" ಎಂದು ಅತ್ತೆ. ನಾನು ನಿನ್ನನ್ನು ಸಮಾಧಾನ ಮಾಡಿದೆ. ಆರು ತಿಂಗಳಿಗೆ ನಿಮಗೆ ಬಡ್ತಿಯೂ ಆಯಿತು, ಮದ್ರಾಸಿಗೂ ಹೋದಿರಿ.

ಈ ಫೆಬ್ರವರಿಯಲ್ಲಿ ಒಂದು ದಿನ ಸ್ಕೂಲಿನ ಗೇಟಿನ ಹತ್ತಿರ ಅಯ್ಯಾಸಾಮಿ ನಿಂತಿದ್ದ. ಈಗ ಅವನು ಮೇಸ್ತ್ರಿ. ನಿಮ್ಮ ಹಳೆಯ ಕ್ವಾರ್ಟರ್ಸಿಗೆ ಹೊಸಬರು ಬರುತ್ತಾರೆಂದು ಸುಣ್ಣ ಹೊಡೆಸಲು ಹೋದವನಿಗೆ, ಅಟ್ಟದ ಮೇಲೆ ಹಳೆಯ ಪಂಚಾಂಗಗಳ ಕಟ್ಟಿನ ನಡುವೆ ಆ ನೋಟ್‌ಬುಕ್ಕು ಸಿಕ್ಕಿತಂತೆ. ಅವನ ಮನೆಯಲ್ಲೂ ತಲೆತಲಾಂತರದಿಂದ ಕನ್ನಡವೇ, ಆದರೆ ಒಂದಕ್ಷರ ಬರುವುದಿಲ್ಲ. ಆದರೂ ದುಂಡಗಿನ ಬರಹ ನೋಡಿಯೇ ಗುರುತು ಹಿಡಿದಿದ್ದಾನೆ.

"ಅಮ್ಮಾ, ಇದು ರಾಯರ ಪುಸ್ತಕ ತಾನೇ? ಕೊಟ್ಟೆ ಅಂತ ತಲೆ ತಲೆ ಚಚ್ಕೊಂಡೆ, ಪೊಯ್, ಬರೀ ಸುಳ್ಳು ಹೇಳ್ತಾನೆ ಅಂದ್ರು. ಈಗ ನೋಡಿ, ನಾನಾ ಪೊಯ್ ಹೇಳ್ದವನು?" ಎಂದು ಕಣ್ಣೊರೆಸಿಕೊಂಡ.

ನಾನು ಬೇವಿನ ಮರದ ಕೆಳಗೆ ನಿಂತೇ ಓದಿದೆ. ಮನೆಗೆ ಹೋಗಿ ಮತ್ತೆ ಓದಿದೆ. ಆಗ ನನಗೆ ಬಂದ ಸಿಟ್ಟನ್ನು ನಿನಗೆ ಹೇಗೆ ಹೇಳಲಿ? ಬಂದ ಪುಸ್ತಕವನ್ನು ಓದಲು ಬರುವುದಿಲ್ಲವೆಂದು ಅಸಡ್ಡೆಯಿಂದ ಅಟ್ಟಕ್ಕೆ ಎಸೆದು, ಬರಲೇ ಇಲ್ಲ ಎಂದು ದೇವರಾಣೆ ಇಟ್ಟನಲ್ಲ ನಿನ್ನ ಗಂಡ, ಅವನನ್ನೂ ಒಂದು ಮಧ್ಯಾಹ್ನ ಆ ತಗಡಿನ ಕೆಳಗೆ ಮಲಗಿಸಬೇಕು ಎನ್ನಿಸಿತು. ಏಕವಚನಕ್ಕೆ ಕ್ಷಮಿಸು, ಆ ದಿನ ಹಾಗೇ ಅನ್ನಿಸಿದ್ದು.

ದಾರಿ ತೋರಿಸಿದವನೂ ಅಯ್ಯಾಸಾಮಿಯೇ. "ಈಗ ರೂಲ್ಸು ಬೇರೆ ಅಮ್ಮಾ. ಸಹಿ ಹಾಕೋ ದೊರೆನೇ ಒಳಗೆ ಹೋಗ್ಬೇಕು. ಮೇ ತಿಂಗ್ಳು ಮದ್ರಾಸಿಂದ ಯಾರು ಬರ್ತಾರೆ ಗೊತ್ತಾ? ನಮ್ಮ ಪಳೆಯ ದೊರೆ!" ಎಂದ. ಹರಿದ ತಗಡು ಬದಲಾಯಿಸಿದ್ದರೂ ಹತ್ತೊಂಬತ್ತರ ಜಾಯಿಂಟಿನ ಮೇಲೆ ಮತ್ತೆ ಬಣ್ಣ ಬಳಿದಿದ್ದಾರೆ, ಮಧ್ಯಾಹ್ನ ಮತ್ತೆ ನಡುಗುತ್ತದೆ, ಹೇಳಿದರೆ ಯಾರೂ ಕೇಳುವುದಿಲ್ಲ ಎಂದೂ ಹೇಳಿದ. ಹಗ್ಗ ಎಳೆಯುವವರು ಯಾರು ಎಂದು ಕೇಳಿದೆ. "ಮೇಲೆ ಲಿಂಗಸಾಮಿ ನಾನು ಎಳೆದಷ್ಟೇ ಬಿಡ್ತಾನೆ. ಕೆಳಗೆ ಎಳೆಯೋ ಕಯಿರು ನನ್ನ ಕೈಲಿ" ಎಂದ. ನಡುವೆ ನಿಲ್ಲಿಸಲು ಆಗುತ್ತದೆಯೇ ಎಂದೆ. ನನ್ನ ಮುಖ ನೋಡಿ, "ವೇಲೆ ಹೋದ್ರೆ ಹೋಗ್ಲಿ ಅಮ್ಮಾ, ಬೇರೆ ಕೆಲ್ಸ ನೋಡ್ಕೋತೀನಿ, ನಿಲ್ಲಿಸ್ತೀನಿ" ಎಂದ. ಮೂರು ತಿಂಗಳು ನಾನು ಹುಡುಗಿಯರಿಗೆ ಬಡ್ಡಿ ಲೆಕ್ಕ ಹೇಳಿಕೊಡುತ್ತ ಈ ಲೆಕ್ಕ ಹಾಕಿದೆ.

ಬುಧವಾರ ನಿನ್ನ ಯಜಮಾನರು ನೀಲಗಿರಿ ಎಕ್ಸ್‌ಪ್ರೆಸ್ಸಿನಿಂದ ಇಳಿದು ನೇರ ಇಲ್ಲಿಗೇ ಬಂದರು. ಮಧ್ಯಾಹ್ನ ಊಟಕ್ಕೆ ನಮ್ಮವರು ಕೂರುತ್ತಿದ್ದ ಕಡೆಯೇ ಎಲೆ ಹಾಕಿದೆ. ಹುಳಿ ಎರಡು ಸಲ ಹಾಕಿಸಿಕೊಂಡು, "ನಿಮ್ಮ ಕೈಯ ಹುಳಿ ತಿಂದು ಎಷ್ಟು ವರ್ಷ ಆಯ್ತು ಅತ್ತಿಗೆ" ಎಂದರು. ಕೂದಲು ಅರ್ಧ ಬೆಳ್ಳಗಾಗಿದೆ ಅವರಿಗೆ. ನಾನು, ನಮ್ಮವರು ಹೋಗಿ ನಾಲ್ಕು ವರ್ಷವಾಯಿತು, ಆ ಜಾಗದಲ್ಲಿ ಒಂದು ಹೂವು ಇಟ್ಟು ಬರಬೇಕು ಎಂದೆ. "ನಾಳೆ ನನ್ನ ಜೀಪಲ್ಲೇ ಬನ್ನಿ ಅತ್ತಿಗೆ" ಎಂದರು. ಹೀಗೆ ನಿನ್ನ ಯಜಮಾನರೇ ನನ್ನನ್ನು ಮರ್ಯಾದೆಯಿಂದ ಹತ್ತೊಂಬತ್ತನೆಯ ಕಂಬಕ್ಕೆ ಕರೆದುಕೊಂಡು ಹೋದರು.

ಬೆಳಿಗ್ಗೆ ಒಂಬತ್ತಕ್ಕೆ ಇಳಿಯಬೇಕಿತ್ತು. ಹಲಗೆಯ ಚಕ್ರ ಸರಿಯಿಲ್ಲ, ಬ್ಯಾಟರಿ ಮಂಕು ಎಂದು ಅಯ್ಯಾಸಾಮಿ ಹನ್ನೊಂದೂವರೆ ಮಾಡಿದ. ಹನ್ನೆರಡನೆಯ ಕಂಬದ ಬಳಿ ಆಳು ಇಳಿಯುವ ಬಾಯಿಂದ ನಿನ್ನ ಯಜಮಾನರು ಒಳಗೆ ಹೋದರು. ಮುಂದಿನ ಬಾಯಿ ಇರುವುದು ಹತ್ತೊಂಬತ್ತರಲ್ಲಿ. ಅಲ್ಲಿ ಅಯ್ಯಾಸಾಮಿ ಹಗ್ಗ ಎಳೆಯುತ್ತಿದ್ದ, ಪಕ್ಕದಲ್ಲಿ ನಾನು ತಲೆಯ ಮೇಲೆ ಸೆರಗು ಹೊದ್ದು ಕುಳಿತಿದ್ದೆ. ದೊಡ್ಡ ಅಧಿಕಾರಿಗಳು ಒಂದು ಫರ್ಲಾಂಗು ಕೆಳಗೆ ಡೇರೆಯ ನೆರಳಿನಲ್ಲಿದ್ದರು. ಪಕ್ಕದ ಪೈಪಿನಲ್ಲಿ ನೀರು ಭೋರ್ಗರೆದು ಓಡುತ್ತಿತ್ತು. ಹನ್ನೆರಡೂಕಾಲಕ್ಕೆ ಹಲಗೆ ಬಾಯಿಗೆ ಹತ್ತು ಗಜ ದೂರ ಇರುವಾಗ ನಾನು ಕೈ ಎತ್ತಿದೆ. ಅಯ್ಯಾಸಾಮಿ ಹಗ್ಗವನ್ನು ಗೂಟಕ್ಕೆ ಸುತ್ತಿದ. ಆಮೇಲೆ ಇಬ್ಬರೂ ಸೇರಿ ಬಾಯಿಯ ಮುಚ್ಚಳ ಎಳೆದು ಮುಚ್ಚಿದೆವು.

ಮೂರು ಸಲ ತಟ್ಟಿದರೆ ಎಳೆಯಿರಿ ಎಂದರ್ಥ, ಹೊರಗಿನವರು ಒಂದು ಸಲ ತಟ್ಟಿ ಉತ್ತರ ಕೊಡಬೇಕು. ಅದು ನಮ್ಮವರ ಕಾಲದಿಂದ ಬಂದ ವಾಡಿಕೆ. ನಾನು ಅಂಗೈಯನ್ನು ತಗಡಿಗೆ ಒತ್ತಿದೆ, ಸುಡುವುದನ್ನೂ ಲೆಕ್ಕಿಸಲಿಲ್ಲ. ಪದ್ಮಾ, ಅದು ನಡುಗುತ್ತಿತ್ತು! ಉಕ್ಕಲು ಬಂದ ಅನ್ನದ ಮೇಲೆ ಮುಚ್ಚಿದ ತಟ್ಟೆಯ ಹಾಗೆ ಸಣ್ಣಗೆ, ಎಡೆಬಿಡದೆ. ನಮ್ಮವರು ಕೊನೆಯದಾಗಿ ಮುಟ್ಟಿದ್ದು ಇದನ್ನೇ. ಆ ನಡುಕದ ನಡುವೆ ಸುತ್ತಿಗೆಯ ಪೆಟ್ಟು ಕೈಗೆ ಬಂತು. ಒಂದು, ಎರಡು, ಮೂರು. ನಾನು ಉತ್ತರ ಕೊಡಲಿಲ್ಲ. ಎಣಿಸಲು ಶುರು ಮಾಡಿದೆ. ಒಂಬೈನೂರು ಎಣಿಸಿದರೆ ಹದಿನೈದು ನಿಮಿಷ. ಇನ್ನೂರರ ಹೊತ್ತಿಗೆ ಪೆಟ್ಟು ಜೋರಾಯಿತು. ನಾಲ್ಕುನೂರಕ್ಕೆ ಕೂಗು ಕೇಳಿಸಿತು, ಮೊದಲು ತಮಿಳಿನಲ್ಲಿ, ಆಮೇಲೆ ಕನ್ನಡದಲ್ಲಿ. ಬಿಗಿದ ತಗಡು ಒಂದು ಸಲ ಟಕ್ಕೆಂದಿತು. ಒಳಗೆ ಅದು ಹೇಗೆ ಕೇಳಿಸಿತೋ, ಕೂಗು ಅಲ್ಲಿಗೇ ನಿಂತಿತು. ಇವರೂ ಇಲ್ಲೇ ಸಾಯಲಿ ಎಂದು ನನಗೆ ಅನ್ನಿಸಿತು. ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ? ಆ ಹೊತ್ತು ನಿನ್ನ ಕುಂಕುಮವಾಗಲಿ, ಮಕ್ಕಳಾಗಲಿ ನನ್ನ ನೆನಪಿಗೆ ಬರಲಿಲ್ಲ. ಸುಖವಾಗಿತ್ತು ನನಗೆ.

"ಸಾಕಮ್ಮಾ, ಬೇಡ" ಎಂದ ಅಯ್ಯಾಸಾಮಿ. ನಾನು ಒಂಬೈನೂರು ಮುಗಿಸಿಯೇ ಮುಚ್ಚಳ ತೆಗೆಸಿದೆ.

ಹಲಗೆಯನ್ನು ಬಾಯಿಯ ಕೆಳಗೆ ಎಳೆದು ನಿಲ್ಲಿಸಿದ. ನಿನ್ನ ಯಜಮಾನರ ಮುಖ ಸುಣ್ಣ ಬಳಿದಂತಾಗಿತ್ತು, ಅಂಗಿ ಮೈಗೆ ಅಂಟಿತ್ತು. ಏಳಲು ಹೋದರು. "ಮಲಗಿರಿ" ಎಂದೆ, ಕ್ಲಾಸಿನಲ್ಲಿ ಹೇಳುವ ದನಿಯಲ್ಲಿ. ಅವರು ಮಲಗಿದರು. ನಾನು ನೋಟ್‌ಬುಕ್ ತೆಗೆದು ಗಟ್ಟಿಯಾಗಿ ಓದಿದೆ, ಪೈಪಿನೊಳಗೆಲ್ಲ ಮೊಳಗುವ ಹಾಗೆ:

"ಹತ್ತೊಂಬತ್ತನೆ ಕಂಬ. ಬೆಳಿಗ್ಗೆ ಸದ್ದಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಕೈಗೆ ನಡುಕ ಚೆನ್ನಾಗಿ ತಿಳಿಯುತ್ತದೆ. ಜಾಯಿಂಟು ಜಾರುತ್ತಿಲ್ಲ. ತಗಡು ಬಿಗಿದು ನಿಂತಿದೆ. ಬಿಡಿಸುವ ತನಕ ನೀರು ಬಿಡಬಾರದು. ಬಿಟ್ಟರೆ ಹರಿಯುತ್ತದೆ. ನಾಳೆ ನಿಲ್ಲಿಸಿದರೆ ರಂಗನಾಥನಿಗೆ ಕಷ್ಟ ಎಂದು ನನಗೆ ಗೊತ್ತು. ಆದರೂ ನಿಲ್ಲಿಸಲಿ."

"ಓದಿಸಬಾರದಿತ್ತೇ?" ಎಂದು ಕಿರುಚಿದೆ. "ಮನೆಯಲ್ಲೇ ಓದುವವಳು ಇದ್ದಳಲ್ಲ! ಎಸೆಯುವ ಬದಲು ಓದಿಸಬಾರದಿತ್ತೇ?"

"ಇದು ನನ್ನ ಕೈಗೇ ಬರ್ಲಿಲ್ಲ ಅತ್ತಿಗೆ. ಮಕ್ಕಳಾಣೆ. ಇವತ್ತೇ ನೋಡ್ತಿರೋದು. ಕೊಡಿ ಇಲ್ಲಿ" ಎಂದು ಕೈ ಚಾಚಿದರು. ಕೊಟ್ಟೆ. ಒಂದಕ್ಷರ ಬಾರದ ಮನುಷ್ಯ ಆ ಪುಟವನ್ನು ಎಷ್ಟೋ ಹೊತ್ತು ನೋಡುತ್ತ ಮಲಗಿದ್ದರು, ಮೂಲೆಯ ಮೇಲೆ ಹೆಬ್ಬೆರಳು ಇಟ್ಟುಕೊಂಡು. ಆಮೇಲೆ ಪುಸ್ತಕ ಮುಚ್ಚಿ ಎದೆಯ ಮೇಲಿಟ್ಟುಕೊಂಡರು. "ಬಂದಿತ್ತು ಅತ್ತಿಗೆ" ಎಂದರು. "ನಂಗೆ ಬಂದಿತ್ತು. ನಾನೇ ಅಟ್ಟಕ್ಕೆ ಹಾಕ್ದೆ. ತಪ್ಪು ನಂದೇ. ಎಲ್ಲಿ ಬೇಕಾದ್ರೂ ಬರೆದು ಕೊಡ್ತೀನಿ."

ನೋಡು, ಆ ಪೈಪು ಎಂಥವರ ಬಾಯಿಂದಲೂ ನಿಜ ಹೊರಡಿಸುತ್ತದೆ ಎಂದು ನಾನು ಬೀಗಿದೆ. ಅವರು ಹಾಗೇ ಒದ್ದೆ ಅಂಗಿಯಲ್ಲಿ ಡೇರೆಗೆ ನಡೆದು ಹೋಗಿ, ದೊಡ್ಡ ಅಧಿಕಾರಿಗಳ ಮುಂದೆ ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ವ್ಯಾಸರಾಯರು ಹಿಂದಿನ ದಿನವೇ ಬರಹದಲ್ಲಿ ಎಚ್ಚರಿಸಿದ್ದರು, ಅದು ನನಗೆ ತಲುಪಿತ್ತು, ನಾನು ಲಕ್ಷ್ಯ ಕೊಡಲಿಲ್ಲ, ವಿಚಾರಣೆಯಲ್ಲಿ ಸುಳ್ಳು ಹೇಳಿದೆ ಎಂದು. ಅಧಿಕಾರಿಗಳು ನನಗೂ ಓದಿ ತಿಳಿಸಿದರು. ಜಾಯಿಂಟು ಬಿಡಿಸುವ ತನಕ ನೀರು ಬಿಡಬಾರದೆಂದು ಹುಕುಂ ಆಯಿತು. ನಿನ್ನ ಯಜಮಾನರನ್ನು ಕೆಲಸದಿಂದ ನಿಲ್ಲಿಸಿದ್ದಾರೆ, ಮುಂದೇನೋ ಗೊತ್ತಿಲ್ಲ. ಮಂಗಳವಾರದವರೆಗೆ ಇಲ್ಲೇ ಇದ್ದು ಹೇಳಿಕೆ ಕೊಡಬೇಕಂತೆ. ಅವರು ನಿನಗೆ ಬರೆದಿರಲಾರರು. ಅದಕ್ಕೇ ನಾನು ಬರೆಯುತ್ತಿದ್ದೇನೆ. ಆ ಹೇಳಿಕೆಯ ನಕಲನ್ನು ನಮ್ಮವರ ಫೋಟೋದ ಹಿಂದೆ ಇಟ್ಟಿದ್ದೇನೆ. ನಾಲ್ಕು ವರ್ಷದ ಮೇಲೆ ಅವರ ಹೆಸರು ತೊಳೆದು ಹೊರಗೆ ಬಂತು. ಅಯ್ಯಾಸಾಮಿಯನ್ನೂ ಸುಳ್ಳುಗಾರ ಎನ್ನುವವರಿಲ್ಲ. ಹಗ್ಗ ಸಿಕ್ಕಿಹಾಕಿಕೊಂಡಿತ್ತು ಎಂದು ನಿನ್ನ ಯಜಮಾನರೇ ಹೇಳಿ ಅವನ ಕೆಲಸ ಉಳಿಸಿದರು.

ಮಕ್ಕಳಿಗೆ ನನ್ನ ಮುತ್ತು ಕೊಡು. ಚಿಕ್ಕವನಿಗೆ ಮಗ್ಗಿ ಹದಿನಾರರವರೆಗೆ ಬಾಯಿಗೆ ಬರಲಿ. ಬಿಸಿಲಲ್ಲಿ ಅಲೆಯಬೇಡ. ಸುಖವಾಗಿರು, ದೀರ್ಘ ಸುಮಂಗಲಿಯಾಗಿರು. ಇದನ್ನು ನನ್ನಂಥವಳು ಹೇಳಿದರೆ ಫಲಿಸುತ್ತದೋ ಇಲ್ಲವೋ, ಆದರೂ ಹೇಳುತ್ತಿದ್ದೇನೆ.

ನಿನ್ನ ಅಕ್ಕ,
ಕಮಲಾಕ್ಷಿ

ಸಹಿ ಮಾಡಿದ ಮೇಲೆ ಬರೆದದ್ದು:

ಕೋಡುಬಳೆ ಡಬ್ಬವನ್ನು ನಾನು ತೆರೆದದ್ದು ಶುಕ್ರವಾರ, ಎಲ್ಲ ಮುಗಿದ ಮರುದಿನ. ತಳದ ಹಾಳೆಯ ಮೂಲೆ ನೋಡಿದೆ. ಎದ್ದು ಹೋಗಿ ನೋಟ್‌ಬುಕ್ ತಂದು ಪಕ್ಕದಲ್ಲಿಟ್ಟೆ. ಅದರಲ್ಲಿ ಮೂಲೆ ಮಡಿಸಿರುವುದು ಒಂದೇ ಪುಟಕ್ಕೆ, ಪದ್ಮಾ. ಒಂದು ಸಲ ಮಡಿಸಿ, ಅದರ ಮೇಲೆ ಇನ್ನೊಂದು ಸಲ, ಮೇಲೆ ಉಗುರಿನ ಗೀರು. ಫೆಬ್ರವರಿಯಿಂದ ನೂರು ಸಲ ಓದಿದ ಪುಟ ಅದು. ನೂರು ಸಲವೂ ಕಣ್ಣು ಅದನ್ನು ನೋಡಿತ್ತು, ತಲೆ ಮಾತ್ರ ನಿನ್ನ ಗಂಡನ ಕುತ್ತಿಗೆ ಹಿಡಿದು ಕುಳಿತಿತ್ತು. ಓದಲು ಬಾರದವನು ಪುಟದ ಕಿವಿ ಹಿಂಡುತ್ತಾನೆಯೇ? ಇಷ್ಟು ಸಣ್ಣ ಲೆಕ್ಕ ಲೆಕ್ಕದ ಟೀಚರಿಗೆ ಹೊಳೆಯಲಿಲ್ಲ.

ನಿನ್ನ ಯಜಮಾನರಿಗೆ ಪೈಪಿನಲ್ಲೇ ಹೊಳೆಯಿತು. ಹೆಬ್ಬೆರಳು ಆ ಮಡಿಕೆಯ ಮೇಲೆ ನಿಂತಾಗಲೇ. ಅವರು ಮೊದಲು ಹೇಳಿದ್ದು ನಿಜ, ಆಮೇಲೆ ಹೇಳಿದ್ದು ಸುಳ್ಳು. ಬರೆದುಕೊಟ್ಟದ್ದೂ ಸುಳ್ಳು. ನಾನು ಒಂಬೈನೂರು ಎಣಿಸಿದ್ದು ಏನೂ ಅರಿಯದ ಮನುಷ್ಯನ ತಲೆಯ ಮೇಲೆ. ಅದಕ್ಕೆ ಅವರ ಕಾಲು ಹಿಡಿಯಬೇಕಾದವಳು ನಾನು, ಹಿಡಿಯುತ್ತೇನೆ.

ನೀನು ಕೊಲ್ಲಬೇಕೆಂದು ಮಾಡಿದೆ ಎಂದು ನಾನು ಹೇಳುವುದಿಲ್ಲ. ಆಮೇಲೆ ಓದಿ ಹೇಳುತ್ತೇನೆಂದು ಮಡಿಸಿಟ್ಟೆ. ನಮ್ಮವರದು ಯಾವಾಗಲೂ ಅತಿ ಜಾಗ್ರತೆ, ದೊಡ್ಡವರು ಬಂದು ಹೋಗಲಿ, ಬಡ್ತಿ ಆಗಲಿ, ಒಂದು ದಿನ ತಡವಾದರೇನು ಎಂದುಕೊಂಡೆ. ಅದನ್ನು ನಾನು ಕ್ಷಮಿಸಬಲ್ಲೆನೇನೋ. ಹತ್ತನೆಯ ದಿನ ನನ್ನ ಕೈ ಹಿಡಿದು ಅತ್ತೆಯಲ್ಲ, ನಾನು ನನ್ನ ದುಃಖ ಬಿಟ್ಟು ನಿನ್ನ ಕಣ್ಣೊರೆಸಿದೆನಲ್ಲ, ಅದನ್ನು ಆಗುವುದಿಲ್ಲ. ನನಗೆ ಇದ್ದವರು ಇಬ್ಬರೇ. ಒಬ್ಬರನ್ನು ನೀರು ತೆಗೆದುಕೊಂಡಿತು.

ನಿನ್ನ ಯಜಮಾನರು ಬುಧವಾರ ಬೆಳಿಗ್ಗೆ ಮನೆ ಸೇರುತ್ತಾರೆ. ನಿನ್ನನ್ನು ಒಂದು ಮಾತೂ ಕೇಳುವುದಿಲ್ಲ. ನೀನು ಬಡಿಸಿದ್ದನ್ನು ಉಣ್ಣುತ್ತಾರೆ, ಇನ್ನು ಬದುಕಿರುವಷ್ಟು ದಿನವೂ ಕೇಳುವುದಿಲ್ಲ. ನೋಟ್‌ಬುಕ್ಕಿನ ಆ ಹಾಳೆಯನ್ನು ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ನಾಲ್ಕು ವರ್ಷದ ಹಿಂದೆ ನಮ್ಮವರು ನಿನ್ನನ್ನು ನಂಬಿ ಕಳಿಸಿದ್ದು, ನಿನ್ನ ಹತ್ತಿರವೇ ಇರಲಿ. ಮೂಲೆ ಬಿಡಿಸಿಲ್ಲ. ಬುಧವಾರ ಅವರು ಊಟಕ್ಕೆ ಕುಳಿತಾಗ ಎದುರಿಗೆ ಕುಳಿತು ನೀನೇ ಬಿಡಿಸಿ, ಪೂರ್ತಿ, ಗಟ್ಟಿಯಾಗಿ ಓದಿ ಹೇಳು. ಅವರಿಗೆ ಕನ್ನಡ ಓದಲು ಬರುವುದಿಲ್ಲ.